ಸಾಲದ ಮೇಲೆ ಕೂತ ಸಿಂಹಾಸನ

ಪ್ರಶ್ನೆ: ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಮೆಕ್ಸಿಕೋಗೆ ಹೋಗಿ ಚಕ್ರವರ್ತಿಯಾಗಿದ್ದು ಹೇಗೆ? ಒಳ್ಳೆಯವನೇ ಅಂತಾರಲ್ಲ, ಮತ್ತೆ ಮೂರೇ ವರ್ಷಕ್ಕೆ ಗುಂಡಿಟ್ಟು ಕೊಂದರೇಕೆ?
— ಓದುಗರು, ದಾವಣಗೆರೆ

ಉತ್ತರ: ಶುರುವಾಗಿದ್ದು ಸಾಲದಿಂದ. ಅಂತರ್ಯುದ್ಧದಲ್ಲಿ ಬೊಕ್ಕಸ ಬರಿದಾಗಿ, ಮೆಕ್ಸಿಕೋ ಅಧ್ಯಕ್ಷ ಬೆನಿಟೊ ಹುವಾರೆಸ್ 1861ರ ಜುಲೈನಲ್ಲಿ ‘ಇನ್ನೆರಡು ವರ್ಷ ವಿದೇಶಿ ಸಾಲ ಕಟ್ಟುವುದಿಲ್ಲ’ ಎಂದುಬಿಟ್ಟ. ವಸೂಲಿಗೆ ಬ್ರಿಟನ್, ಸ್ಪೇನ್, ಫ್ರಾನ್ಸ್ ಮೂರೂ ದಂಡು ಕಳಿಸಿದವು. ಮೊದಲಿನವೆರಡು 1862ರ ಏಪ್ರಿಲ್‌ನಲ್ಲೇ ಹಿಂದೆ ಸರಿದವು. ಫ್ರಾನ್ಸಿನ ಮೂರನೇ ನೆಪೋಲಿಯನ್‌ಗೆ ಮಾತ್ರ ಅಲ್ಲಿ ತನ್ನ ಮಾತು ಕೇಳುವ ಅರಸನೊಬ್ಬ ಬೇಕಿದ್ದ. ಚರ್ಚಿನ ಆಸ್ತಿ ಕೈಬಿಟ್ಟು ಕುದಿಯುತ್ತಿದ್ದ ಮೆಕ್ಸಿಕೋದ ಸಂಪ್ರದಾಯವಾದಿಗಳಿಗೂ ಅದೇ ಬೇಕಿತ್ತು. ಸಿಕ್ಕವನು ಆಸ್ಟ್ರಿಯಾ ಚಕ್ರವರ್ತಿ ಫ್ರಾನ್ಸ್ ಯೋಸೆಫನ ತಮ್ಮ, 1832ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮ್ಯಾಕ್ಸಿಮಿಲಿಯನ್.

1864ರ ಏಪ್ರಿಲ್ 10ರಂದು ಟ್ರಿಯೆಸ್ಟ್ ಬಳಿಯ ಮಿರಮಾರೆ ಅರಮನೆಯಲ್ಲಿ ಆತ ಸಹಿ ಹಾಕಿದ ಒಪ್ಪಂದ ನೋಡಿದರೆ ಸಾಕು, ಮುಂದಿನದೆಲ್ಲ ಅದರಲ್ಲೇ ಇದೆ. ಫ್ರೆಂಚರ ದಂಡಯಾತ್ರೆಯ ಖರ್ಚು 27 ಕೋಟಿ ಫ್ರಾಂಕ್ ಮೆಕ್ಸಿಕೋ ತಲೆಗೆ. ಆಮೇಲೆ ಉಳಿಯುವ ಪ್ರತಿ ಫ್ರೆಂಚ್ ಸೈನಿಕನಿಗೆ ವರ್ಷಕ್ಕೆ 1,000 ಫ್ರಾಂಕ್. ಹಳೆಯ ಸಾಲವನ್ನೇ ತೀರಿಸಲಾಗದ ದೇಶಕ್ಕೆ ಇದು! ಹಿಂದಿನ ದಿನವಷ್ಟೇ ಅಣ್ಣ ಖುದ್ದಾಗಿ ಬಂದು, ಆಸ್ಟ್ರಿಯಾದ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡಿದ್ದ.

ಒಳ್ಳೆಯವನೇ? ಅರ್ಧ ನಿಜ. ಜೀತದ ಕೂಲಿಗಳ ದುಡಿಮೆಯ ಹೊತ್ತಿಗೆ ಮಿತಿ ಹಾಕಿದ, ಚಾಟಿಯೇಟು ನಿಷೇಧಿಸಿದ. ಚರ್ಚಿನ ಆಸ್ತಿ ವಾಪಸು ಕೊಡಲಿಲ್ಲ, ಕರೆತಂದವರೇ ಮುನಿಸಿಕೊಂಡರು. ಹುವಾರೆಸ್ ಕಡೆಯವರಂತೂ ಹತ್ತಿರ ಸುಳಿಯಲಿಲ್ಲ. ಆದರೆ ಆಯುಧ ಹಿಡಿದು ಸಿಕ್ಕಿಬಿದ್ದವರನ್ನು ಶಿಕ್ಷೆಯಾದ 24 ಗಂಟೆಯೊಳಗೆ ಕೊಲ್ಲಿ ಎಂಬ 1865ರ ಅಕ್ಟೋಬರ್ 3ರ ಆಜ್ಞೆಯೂ ಆತನದೇ.

ಅದೇ ವರ್ಷ ಅಮೆರಿಕದ ಅಂತರ್ಯುದ್ಧ ಮುಗಿದು, ಫ್ರಾನ್ಸ್ ಜಾಗ ಖಾಲಿ ಮಾಡಲಿ ಎಂಬ ಒತ್ತಡ ಬಿತ್ತು. ಯುರೋಪಿನಲ್ಲಿ ಬಲಿಷ್ಠ ಜರ್ಮನ್ ರಾಜ್ಯ ಪ್ರಷ್ಯಾದ ಭಯ ಬೇರೆ. 1867ರ ಮಾರ್ಚ್‌ಗೆ ಕೊನೆಯ ಫ್ರೆಂಚ್ ತುಕಡಿಯೂ ಹಡಗು ಹತ್ತಿತು. ಮ್ಯಾಕ್ಸಿಮಿಲಿಯನ್ ಹೋಗಲಿಲ್ಲ. ನೆಲೆ ಮಾಡಿಕೊಂಡಿದ್ದು ಕೆರೆತಾರೊದಲ್ಲಿ. ಸುತ್ತ ಗುಡ್ಡ, ನಡುವೆ ಊರು. ಗುಡ್ಡ ಹಿಡಿದವರಿಗೆ ಊರು ಅಂಗೈಯಲ್ಲಿದ್ದಂತೆ. ಮೇ 15ರಂದು ಹುವಾರೆಸ್ ಸೇನೆಗೆ ಸೆರೆಸಿಕ್ಕ. ಆಕ್ರಮಣಕ್ಕೆ ನೆರವಾದವರಿಗೆ ಸಾವು ಎಂದು ಹುವಾರೆಸ್ 1862ರ ಜನವರಿಯಲ್ಲೇ ಕಾನೂನು ಮಾಡಿಟ್ಟಿದ್ದ. ತೀರ್ಪು ಬಂದದ್ದು ಅದರಡಿ. ಜೂನ್ 19ರ ಬೆಳಗ್ಗೆ, ಗುಂಡು ಹಾರಿಸಬೇಕಿದ್ದ ಸೈನಿಕರಿಗೆ ಒಂದೊಂದು ಚಿನ್ನದ ನಾಣ್ಯ ಕೊಟ್ಟು, ಮುಖಕ್ಕೆ ಹೊಡೆಯಬೇಡಿ ಎಂದು ಕೇಳಿಕೊಂಡ.

ಪ್ರಶ್ನೆ: ಆತನ ಮುಖವಿರುವ ಬೆಳ್ಳಿ ನಾಣ್ಯ ಅಸಲಿಯೇ ಎಂದು ನೋಡುವುದು ಹೇಗೆ?
— ನಾಣ್ಯ ಸಂಗ್ರಾಹಕರು, ಉಡುಪಿ

ಉತ್ತರ: 1866–67ರ ಒಂದು ಪೆಸೊ ನಾಣ್ಯ ಅದು. ಮೆಕ್ಸಿಕೋ ನಾಣ್ಯದ ಮೇಲೆ ‘ಪೆಸೊ’ ಎಂಬ ಪದ ಮೊದಲು ಬಂದದ್ದೇ ಇದರಲ್ಲಿ. ಅಲ್ಲಿಯತನಕ ‘8 ರಿಯಾಲ್’ ಎಂದಿರುತ್ತಿತ್ತು. ತೂಕ 27.07 ಗ್ರಾಂ, ಸುಮಾರು 37 ಮಿ.ಮೀ. ಅಗಲ, ಬೆಳ್ಳಿ 90.3%. ಸವೆದು ತುಸು ಹಗುರವಾಗಿದ್ದರೆ ಸರಿ, ಹೊಸದರಂತೆ ಹೊಳೆಯುತ್ತಾ ಎರಡು ಗ್ರಾಂ ಕಡಿಮೆ ತೂಗಿದರೆ ಅನುಮಾನಪಡಿ. ಅಯಸ್ಕಾಂತಕ್ಕೆ ಅಂಟಿದರೆ ನಕಲಿ. ಅಂಟಲಿಲ್ಲ ಎಂದಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಹಿತ್ತಾಳೆ, ತಾಮ್ರವೂ ಅಂಟುವುದಿಲ್ಲ.