ಟಿಸಿ ಆಮೇಲೆ, ಮೊದಲು ಆದೇಶದ ನಕಲು ತಗೊಳ್ಳಿ

ನೀವು ಕೇಳಿರೋದು ಇಷ್ಟು. ಎರಡನೇ ಕ್ಲಾಸಿನ ಮಗಳ ಮೈಮೇಲೆ ನೀಲಿ ಕಲೆ ನೋಡಿ ಶಾಲೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಬಂದವರು ಏನೂ ಇಲ್ಲ ಅಂತ ಹೇಳಿ ಹೋದರು. ಈಗ ಶಾಲೆಯವರು ಮತ್ತೆ ದೂರು ಕೊಟ್ಟಿದ್ದಾರೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಬನ್ನಿ ಅಂತ ಕರೆ ಬಂದಿದೆ. ನಿಮ್ಮ ಯಜಮಾನರು ಶಾಲೆ ಮುಂದೆ ಹೋಗಿ ಗಲಾಟೆ ಮಾಡ್ತೀನಿ ಅಂತ ನಿಂತಿದ್ದಾರೆ. ಟಿಸಿ ತೆಗೆಸಲಾ, ಕೇಸ್ ಹಾಕಲಾ?

ಈಗ ಎರಡೂ ಬೇಡ. ಸಮಿತಿಗೆ ಹೋಗಿ, ವಿಚಾರಣೆ ಮುಗಿಸಿಕೊಂಡು, ಆದೇಶದ ನಕಲು ಕೈಗೆ ತಗೊಳ್ಳಿ. ಮೊದಲ ಸಲ ಬಂದವರು ಬಾಯಲ್ಲಿ ಹೇಳಿ ಹೋದರಲ್ಲ, ಅದಕ್ಕೇ ಈ ಎರಡನೇ ಸಲ ಬಂದಿರೋದು. ಕಾಗದ ಇಲ್ಲದಿದ್ದರೆ ಮೂರನೇ ಸಲವೂ ಮೊದಲಿಂದ ಶುರು.

ನಾವು ರಾಯಚೂರು ಜಿಲ್ಲೆಯವರು, ಸಿಂಧನೂರು ಕಡೆ. ನಮ್ಮ ಮಗನ ವಿಷಯದಲ್ಲೂ ಹೀಗೇ ಆಗಿತ್ತು. ಅದಕ್ಕೆ ಸಮಿತಿ ವಿಚಾರಕ್ಕಿಂತ ಮೊದಲು ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ: ಮನೆಯಲ್ಲಿ ಯಾರೂ ಹೊಡೆದಿಲ್ಲ ಅಂದ ಮೇಲೆ ಆ ಕಲೆ ಯಾಕೆ ಬಂತು? ನಿಮ್ಮ ಪ್ರಶ್ನೆಯಲ್ಲಿ ಅದಿಲ್ಲ. ಬಿದ್ದ ನೆನಪೂ ಇಲ್ಲ ಅಂತ ಬರೆದಿದ್ದೀರಿ.

ಮಕ್ಕಳು ಬೀಳ್ತಾರೆ, ಮೊಣಕಾಲು, ಮುಂಗಾಲಲ್ಲಿ ಕಲೆ ಇದ್ದೇ ಇರುತ್ತೆ. ಅದಕ್ಕೆ ಯಾರೂ ಸಂಶಯ ಪಡೋದಿಲ್ಲ. ಬೆನ್ನು, ರಟ್ಟೆ, ಕೆನ್ನೆ, ಕಿವಿ ಹತ್ತಿರ ಇದ್ದರೆ ನೋಡಿದವರಿಗೆ ಬೇರೆ ಯೋಚನೆ ಬರುತ್ತೆ. ನಮ್ಮ ಹುಡುಗನಿಗೆ ಜ್ವರ ಬಂದು ಹೋದ ಮೇಲೆ ಬೆನ್ನು, ರಟ್ಟೆ ಮೇಲೆ ನೇರಳೆ ಹಣ್ಣು ಒತ್ತಿದ ಹಾಗೆ ಕಲೆ ಎದ್ದಿದ್ದವು. ಮುಟ್ಟಿದರೆ ನೋವೂ ಇಲ್ಲ. ಕಾಲ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಕೆಂಪು ಚುಕ್ಕೆ ಬೇರೆ. ಸಿಬಿಸಿ ರಕ್ತ ಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸೋ ಕಣಗಳು, 20 ಸಾವಿರಕ್ಕಿಂತ ಕೆಳಗಿತ್ತು. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕು. ಪ್ಲೇಟ್‌ಲೆಟ್ ಅಂದರೆ ನಮ್ಮ ಕಡೆ ಎಲ್ಲರಿಗೂ ಡೆಂಗಿನೇ ನೆನಪಾಗೋದು. ಇದು ಡೆಂಗಿ ಅಲ್ಲ, ಐಟಿಪಿ ಅನ್ನೋ ಕಾಯಿಲೆ. ವೈರಲ್ ಜ್ವರದ ನಂತರ ಕೆಲವು ಮಕ್ಕಳಲ್ಲಿ ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡಿಕೊಳ್ಳುತ್ತೆ. ಹೆಚ್ಚಿನ ಮಕ್ಕಳಿಗೆ ಆರು ತಿಂಗಳೊಳಗೆ ತಾನಾಗೇ ಸರಿಹೋಗುತ್ತೆ ಅಂತ ಡಾಕ್ಟರು ಹೇಳಿದರು, ಹಾಗೇ ಆಯಿತು.

ನಿಮ್ಮ ಮಗಳಿಗೂ ಅದೇ ಅಂತ ನಾನು ಹೇಳ್ತಿಲ್ಲ. ಆದರೆ ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ, ಸಿಬಿಸಿ ಮಾಡಿಸಿ. ರಾಯಚೂರಿನ ರಿಮ್ಸ್ ಆಸ್ಪತ್ರೆ ಆದರೂ ಸರಿ. ಮೂಗು, ವಸಡಿನಿಂದ ರಕ್ತ ಬಂದು ನಿಲ್ಲದಿದ್ದರೆ, ಜೋರು ತಲೆನೋವು, ವಾಂತಿ ಇದ್ದರೆ ನಾಳೆವರೆಗೂ ಕಾಯಬೇಡಿ. ಮೆಡಿಕಲ್ ಶಾಪಿನಿಂದ ನೀವೇ ಆಸ್ಪಿರಿನ್, ಐಬುಪ್ರೊಫೆನ್ ತಂದು ಕೊಡಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಕಾರಣ ಏನೇ ಇರಲಿ, ಕಲೆ ಎಲ್ಲೆಲ್ಲಿ ಇದೆ, ಯಾಕೆ ಬಂದಿರಬಹುದು ಅಂತ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಸಮಿತಿ ಮುಂದೆ ಇದಕ್ಕಿರೋ ತೂಕ ನಿಮ್ಮ ಅಳುವಿಗೂ ಇಲ್ಲ, ಯಜಮಾನರ ಕೂಗಾಟಕ್ಕೂ ಇಲ್ಲ.

ಇನ್ನು ಸಮಿತಿ. ಹೆದರಬೇಡಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಸಮಿತಿ ಅದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ, ಆದರೆ ಕೋರ್ಟಿನ ಹಾಗೆ ಎತ್ತರದ ಪೀಠ, ಕಟಕಟೆ ಇರುವ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಮಗುವನ್ನು ಮನೆಯಿಂದ ಬೇರೆ ಕಡೆ ಇಡೋದು ಕಟ್ಟಕಡೆಯ ದಾರಿ ಅಂತಲೂ ಅದೇ ಕಾಯ್ದೆ ಹೇಳುತ್ತೆ. ಒಬ್ಬ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೀತಾರೆ. ಅದಕ್ಕೆ 15 ದಿನದ ಗಡುವು.

ನಮ್ಮ ಮನೆಗೆ ಬಂದವರು ಅಡುಗೆಮನೆಗೂ ಹೋದರು, ಹುಡುಗನ ಹಾಸಿಗೆ ನೋಡಿದರು, ಪಕ್ಕದ ಮನೆಯವರನ್ನೂ ಮಾತಾಡಿಸಿದರು. ಆಮೇಲೆ ನಮ್ಮನ್ನು ಹೊರಗೆ ಕೂರಿಸಿ, 'ಅಪ್ಪಗ ಸಿಟ್ಟು ಬಂದ್ರ ಏನ್ ಮಾಡ್ತಾನಪಾ?' ಅಂತ ಹುಡುಗನನ್ನು ಕೇಳಿದರು. 'ಟಿವಿ ಬಂದ್ ಮಾಡ್ತಾನ್ರೀ' ಅಂದ. ಅವರು ನಕ್ಕಿದ್ದು ಹೊರಗೆ ನಮಗೂ ಕೇಳಿಸಿತು. ನಿಮ್ಮ ಮಗಳಿಗೆ 'ಹೀಗೆ ಹೇಳು, ಹಾಗೆ ಹೇಳು' ಅಂತ ಪಾಠ ಒಪ್ಪಿಸಬೇಡಿ. ಬರುವವರಿಗೆ ಅದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.

ವಿಚಾರಣೆ ನಡುವೆ ಟಿಸಿ ಯಾಕೆ ಬೇಡ ಅಂದರೆ, ಮಗುವನ್ನು ಬಚ್ಚಿಡ್ತಿದ್ದಾರೆ ಅನ್ನೋ ಮಾತು ಬರುತ್ತೆ. ಫೈಲ್ ಮಗುವಿನ ಹೆಸರಲ್ಲಿದೆ, ಶಾಲೆ ಬಿಟ್ಟರೆ ಅದೇನು ಮುಚ್ಚಿಹೋಗಲ್ಲ. ಎಲ್ಲ ಮುಗಿದ ಮೇಲೂ ಮನಸ್ಸಿಲ್ಲದಿದ್ದರೆ ಧಾರಾಳವಾಗಿ ತಗೊಳ್ಳಿ.

ಕೇಸಿನ ಬಗ್ಗೆ. ಸುಳ್ಳು ಅಂತ ಗೊತ್ತಿದ್ದೂ ಬೇಕಂತಲೇ ಫೋನ್ ಮಾಡಿದರು ಅಂತ ನೀವು ಸಾಬೀತು ಮಾಡಬೇಕು, ಕಲೆ ಕಣ್ಣಿಗೆ ಕಾಣ್ತಿರುವಾಗ ಅದು ಕಷ್ಟ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದೂ ತಿಳಿಸದಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆ ಇದೆ. ಹಾಗಾಗಿ ಮೇಷ್ಟ್ರುಗಳು ಸುಮ್ನೆ ಇದ್ದು ಸಿಕ್ಕಿಹಾಕಿಕೊಳ್ಳೋದಕ್ಕಿಂತ ಫೋನ್ ಮಾಡೋದೇ ವಾಸಿ ಅಂದುಕೊಳ್ತಾರೆ. ನಮ್ಮ ಕಡೆ ಅಪ್ಪ-ಅಮ್ಮ ಗುಳೆ ಹೋಗಿ ಒಂಟಿಯಾದ ಮಕ್ಕಳನ್ನ, ಹತ್ತಿ ಬಿಡಿಸೋಕೆ ಹೋಗಿ ಶಾಲೆ ತಪ್ಪಿಸೋ ಮಕ್ಕಳನ್ನ ಅವರು ನೋಡ್ತಾನೇ ಇರ್ತಾರೆ. ಮೊದಲ ಫೋನಿಗೆ ನನಗೇನೂ ಸಿಟ್ಟಿಲ್ಲ. ಡಾಕ್ಟರ್ ಚೀಟಿ ಕೊಟ್ಟ ಮೇಲೂ ಫೋನ್ ಮಾಡಿದ್ದರೆ ಮಾತು ಬೇರೆ.

ಅದಕ್ಕೇ ಚೀಟಿಯ ಒಂದು ನಕಲನ್ನು ಹೆಡ್‌ಮಾಸ್ಟರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. 'ಹೊಸ ಕಲೆ ಕಂಡರೆ ಮೊದಲು ನಮಗೆ ಫೋನ್ ಮಾಡಿ, ಉತ್ತರ ಸರಿ ಅನ್ನಿಸದಿದ್ದರೆ 1098ಕ್ಕೆ ಮಾಡಿ' ಅಂತ ಅದರ ಜೊತೆಗೇ ಬರೆದುಕೊಡಿ. ಕ್ಲಾಸಲ್ಲಿ ಎಲ್ಲರ ಮುಂದೆ ಅಂಗಿ ಎತ್ತಿಸಿ ನೋಡೋದು, 'ನಿಮ್ಮಪ್ಪ ಹೊಡೀತಾನಾ' ಅಂತ ಕೇಳೋದು ನಡೀತಿದ್ದರೆ ಮಾತ್ರ ಬಿಡಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೊಡೋದನ್ನೂ ನಿಷೇಧಿಸುತ್ತೆ. ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರೆದುಕೊಡಿ, ಕೇಳದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಸಮಿತಿಯ ಆದೇಶದಲ್ಲಿ 'ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು ಅಲ್ಲ, ಪ್ರಕರಣ ಮುಕ್ತಾಯ' ಅನ್ನೋ ಅರ್ಥದ ಸಾಲು ಇದೆಯಾ ನೋಡಿಕೊಳ್ಳಿ. ಆದೇಶ ನಿಮಗೆ ವಿರುದ್ಧವಾಗಿ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಮಿತಿಯ ನಡವಳಿಕೆ ಬಗ್ಗೆಯೇ ದೂರಿದ್ದರೆ ಜಿಲ್ಲಾಧಿಕಾರಿ ಹತ್ತಿರ ಹೋಗಬೇಕು.

ವಕೀಲರು ಈಗಲೇ ಬೇಕಿಲ್ಲ. ಬೇಕೇ ಆದರೆ ದುಡ್ಡು ಸುರೀಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಅರ್ಜಿಯನ್ನು ಯಜಮಾನರ ಹೆಸರಲ್ಲಿ ಅಲ್ಲ, ನಿಮ್ಮ ಹೆಸರಲ್ಲೇ ಕೊಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.