ಇಂಗ್ಲೆಂಡಿನ ಮೊದಮೊದಲ ನಾಟಕಕಾರ್ತಿಯರು ಇಸ್ಲಾಮನ್ನು ರಂಗದ ಮೇಲೆ ಹೇಗೆ ತೋರಿಸಿದರು?

ಧರ್ಮದ ವಿಚಾರ ಕಡಿಮೆ, ಜನಾನಾದ, ಅಂದರೆ ಅಂತಃಪುರದ, ರಾಜಕೀಯವೇ ಹೆಚ್ಚು. ಎರಡು ನಾಟಕ ನೋಡಿದರೆ ಸಾಕು.

ಮೇರಿ ಪಿಕ್ಸ್ 1696ರಲ್ಲಿ ಬರೆದ ‘ತುರ್ಕರ 13ನೇ ಚಕ್ರವರ್ತಿ ಇಬ್ರಾಹಿಂ’ ಮೊದಲನೆಯದು. ಇದು 1640ರಿಂದ 1648ರವರೆಗೆ ಆಳಿದ ಆಟೊಮನ್ ಸುಲ್ತಾನನ ಕಥೆ. ಪಾಲ್ ರೈಕಾಟ್ ಬರೆದ ತುರ್ಕರ ಇತಿಹಾಸವನ್ನು ಎಂದೋ ಓದಿದ್ದ ನೆನಪಿನ ಮೇಲೆ ಪಿಕ್ಸ್ ಇದನ್ನು ಬರೆದಳು. ಹಾಗಾಗಿ ಶೀರ್ಷಿಕೆಯ ಸಂಖ್ಯೆಯೇ ತಪ್ಪು! ಮುಫ್ತಿಯ (ಇಸ್ಲಾಮಿ ಧರ್ಮಶಾಸ್ತ್ರದ ಪಂಡಿತನ) ಮಗಳು ಮೊರೆನಾ ಸುಲ್ತಾನನನ್ನು ತಡೆಯಲು ಅವನ ಬಿಚ್ಚುಗತ್ತಿಯನ್ನೇ ಬರಿಗೈಯಲ್ಲಿ ಹಿಡಿಯುತ್ತಾಳೆ. ಅವನು ಕತ್ತಿಯನ್ನು ಸರ್ರನೆ ಎಳೆದುಕೊಳ್ಳುತ್ತಾನೆ, ಅಂಗೈ ಸೀಳಿಹೋಗುತ್ತದೆ. ಅವಳ ಮೇಲಿನ ಅತ್ಯಾಚಾರವೇ ಮುಂದೆ ದಂಗೆಗೆ ಕಾರಣ. ಇಲ್ಲಿ ಗಮನಿಸಬೇಕಾದ್ದು, ದುಷ್ಟನೂ ಮುಸ್ಲಿಮನೇ, ನಾಟಕದ ಸಜ್ಜನರೂ ಮುಸ್ಲಿಮರೇ.

ಇನ್ನೊಂದು ಡೆಲರಿವಿಯರ್ ಮ್ಯಾನ್ಲಿಯ ‘ಅಲ್ಮೈನಾ’. 1706ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಆಡಿದ್ದು. ರಾತ್ರಿಗೊಂದು ಕಥೆ ಹೇಳಿ ರಾಜನಿಂದ ಬರುವ ಸಾವನ್ನು ಮುಂದೂಡುವ ಅರೇಬಿಯನ್ ನೈಟ್ಸ್‌ನ ಶಹರಜಾದೆಯೇ ಇದರ ಮೂಲ, ಆದರೆ ಈ ನಾಯಕಿ ಕಥೆ ಹೇಳಿ ಕಾಲ ತಳ್ಳುವವಳಲ್ಲ. ಹೆಂಗಸರಿಗೆ ಆತ್ಮವೇ ಇಲ್ಲ ಎನ್ನುವ ಸುಲ್ತಾನನ ಎದುರು ನಿಂತು ವಾದಿಸುತ್ತಾಳೆ.

ತಮಾಷೆಯೆಂದರೆ, ಆ ನಂಬಿಕೆ ಇಸ್ಲಾಮಿನದ್ದಲ್ಲ, ಯುರೋಪಿನಲ್ಲಿ ಹಬ್ಬಿದ್ದ ತಪ್ಪು ಕಲ್ಪನೆ. ಕುರಾನಿನ 33ನೇ ಅಧ್ಯಾಯದ 35ನೇ ವಚನ ಭಕ್ತ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರತಿಫಲದ ಮಾತಾಡುತ್ತದೆ. ನನ್ನ ಮಟ್ಟಿಗೆ ಮ್ಯಾನ್ಲಿ ಸುಲ್ತಾನನ ನೆಪದಲ್ಲಿ ತನ್ನೂರಿನ ಗಂಡಸರನ್ನೇ ತರಾಟೆಗೆ ತೆಗೆದುಕೊಂಡಿದ್ದಾಳೆ, ಅದಕ್ಕಾಗಿ ಇಸ್ಲಾಮಿನ ಮೇಲಿದ್ದ ಸುಳ್ಳು ಆರೋಪವನ್ನು ಯೋಚಿಸದೆ ಬಳಸಿಕೊಂಡಿದ್ದಾಳೆ.