'ಆ ದುಡ್ಡು' ಅಂದ್ರೆ ಯಾವ ದುಡ್ಡು ಸಾರ್?

ಗೂಡ್ಸ್ ಗಾಡಿ ಓಡಿಸೋ ಓದುಗರೊಬ್ರು ಎರಡು ಪುಟ ತುಂಬ ಸಿಟ್ಟು ಮಾಡ್ಕೊಂಡು ಬರೆದಿದಾರೆ. ಹೆಂಗಸರ ಫ್ರೀ ಬಸ್ ನಿಲ್ಸಿ, ಡೀಸೆಲ್ ಟ್ಯಾಕ್ಸ್ ಇಳ್ಸಿ, ಆ ದುಡ್ಡಲ್ಲಿ ನಮ್ಮ ಹೋಬಳಿ ಹೈಸ್ಕೂಲಿಗೆ ಗಣಿತದ ಮೇಷ್ಟ್ರನ್ನ ಹಾಕಿ ಅಂತ. ಮಗಳು ಒಂಬತ್ತನೇ ಕ್ಲಾಸು, ಬೆಳಿಗ್ಗೆ ಬಸ್ಸು ತುಂಬ್ಕೊಂಡೇ ಬರುತ್ತೆ, ಸ್ಟಾಪಲ್ಲಿ ನಿಲ್ಸೋದೇ ಇಲ್ಲ ಅಂತಾನೂ ಇದೆ.

ಸಾರ್, ಫ್ರೀ ಬಸ್ಸಲ್ಲಿ ಉಳಿದಿದ್ದು ಡೀಸೆಲ್ ಟ್ಯಾಕ್ಸ್ ಇಳಿಸೋಕೇ ಹೋಯ್ತು ಅಂದ್ರೆ ಮೇಷ್ಟ್ರ ಸಂಬಳಕ್ಕೆ ಉಳಿಯೋ 'ಆ ದುಡ್ಡು' ಯಾವ್ದು? ತಮಾಷೆ ಮಾಡ್ತಿಲ್ಲ, ನಮ್ ಆಫೀಸಲ್ಲೂ ಇದೇ ಲೆಕ್ಕ ಹಾಕ್ಕೊಂಡು ಜಗಳ ಆಡೋರಿದಾರೆ.

ಡೀಸೆಲ್ ವಿಷಯದಲ್ಲಿ ನಾನು ನಿಮ್ ಕಡೆ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ 18.44 ಪರ್ಸೆಂಟಿಗೆ ಏರ್ತು, 2025ರ ಏಪ್ರಿಲ್ 1ಕ್ಕೆ 21.17ಕ್ಕೆ ಏರ್ತು, ಎರಡೂ ಏರಿಕೆ ಸೇರಿ ಲೀಟರಿಗೆ ಹತ್ರತ್ರ 5 ರೂಪಾಯಿ, ನೀವು ದಿನಕ್ಕೆ 15 ಲೀಟರ್ ಹಾಕಿಸ್ತೀರಿ, 75 ರೂಪಾಯಿ ಅಲ್ಲೇ ಹೋಯ್ತು. ಅಕ್ಕಪಕ್ಕದ ರಾಜ್ಯಕ್ಕಿಂತ ನಮ್ಮಲ್ಲೇ ಕಮ್ಮಿ ಅಂತ ಸರ್ಕಾರದೋರು ಹೇಳ್ತಾರೆ, ಬಾಡಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದ್ರೆ ಬೇರೆ ಗಾಡಿ ಕರೆಯೋ ಗಿರಾಕಿ ಮುಂದೆ ಆ ಮಾತು ನಡೆಯುತ್ತಾ?

ಆದ್ರೆ ಯಾಕೆ ಯಾವಾಗ್ಲೂ ಡೀಸೆಲ್ಲೇ? 2017ರ ಜುಲೈಯಲ್ಲಿ ಜಿಎಸ್‌ಟಿ ಬಂತಲ್ಲ, ಅದಾದ್ಮೇಲೆ ರಾಜ್ಯ ತಾನೇ ರೇಟು ಏರಿಸಿ ಇಳಿಸೋಕಾಗೋ ದೊಡ್ಡ ಬಾಬ್ತು ಅಂದ್ರೆ ಪೆಟ್ರೋಲು ಡೀಸೆಲ್ಲು, ಮದ್ಯ, ವಾಹನ ತೆರಿಗೆ, ರಿಜಿಸ್ಟ್ರೇಶನ್ ಸ್ಟಾಂಪು, ಅಷ್ಟೇ. ಅದ್ರ ಮೇಲೆ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚೋದ್ರಲ್ಲಿ ನಮ್ಮ ಪಾಲು, ಆ ಹಂಚಿಕೆ ಹೇಳೋ 14ನೇ ಹಣಕಾಸು ಆಯೋಗದಲ್ಲಿ 4.71 ಪರ್ಸೆಂಟ್ ಇದ್ದಿದ್ದು 15ನೇದ್ರಲ್ಲಿ 3.65ಕ್ಕೆ ಇಳೀತು. ಕೈ ಖಾಲಿ ಆದಾಗೆಲ್ಲ ಕೈ ಹೋಗೋದು ಪಂಪಿನ ಕಡೆಗೇ. ಫ್ರೀ ಬಸ್ಸಿನಂಥ ಗ್ಯಾರಂಟಿ ಯೋಜನೆಗಳ ಖರ್ಚೂ ಅದಕ್ಕೆ ಸೇರುತ್ತೆ, ಇಲ್ಲ ಅನ್ನಲ್ಲ.

ಇನ್ನು ಫ್ರೀ ಬಸ್ಸು. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ನಿಮ್ ಮಗಳಿಗೂ ಇದೆ ಸಾರ್, ನಿಲ್ಸದೆ ಹೋಗೋ ಆ ಬಸ್ಸಲ್ಲಿ ಅವಳಿಗೂ ಟಿಕೆಟ್ಟಿಗೆ ಕಾಸಿಲ್ಲ. ನನ್ ತಕರಾರು ಬೇರೆ. ಇಷ್ಟು ಕೋಟಿ ಝೀರೋ ಟಿಕೆಟ್ ಹರಿದ್ವಿ ಅಂತ ಲೆಕ್ಕ ಕೊಡ್ತಾರೆ, ಸ್ಟಾಪಲ್ಲೇ ಉಳ್ಕೊಂಡೋರ ಲೆಕ್ಕ ಯಾರು ಇಟ್ಟಿದಾರೆ? ಜನ ಹೆಚ್ಚಿದಷ್ಟು ಬಸ್ಸೂ ಡ್ರೈವರ್ರೂ ಹೆಚ್ಚಬೇಕಿತ್ತು. 2025ರ ಜನವರಿಯಲ್ಲಿ 15 ಪರ್ಸೆಂಟ್ ಹೆಚ್ಚಿದ್ದು ಟಿಕೆಟ್ ರೇಟು.

2006-07ರಲ್ಲಿ ಎಂಟನೇ ಕ್ಲಾಸಿನ ಹುಡ್ಗೀರಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ರು, ಆಮೇಲೆ ಹುಡುಗರಿಗೂ ಬಂತು. ಶಾಲೆ ಅಂದ್ರೆ ಶಾಲೆವರೆಗಿನ ದಾರೀನೂ ಸೇರಿ ಅಂತ ಯಾರಿಗೋ ಹೊಳೆದಿತ್ತು. ಕೊರೊನಾ ಟೈಮಲ್ಲಿ ಅದೂ ನಿಂತೋಯ್ತು, ದೊಡ್ಡ ಗಲಾಟೆ ಆಗಿದ್ದು ನನಗಂತೂ ನೆನಪಿಲ್ಲ.

ಮೇಷ್ಟ್ರ ವಿಷಯ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಕೇಳಿ, ಕಾಯಂ ಪೋಸ್ಟಿಂಗ್ ಆಗೋವರೆಗೂ ಅತಿಥಿ ಶಿಕ್ಷಕರನ್ನ ಹಾಕ್ಕೊಳೋಕೆ ದಾರಿ ಇದೆ. ಬಸ್ಸಿಗೆ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡಿ, ಯಾವ ಸ್ಟಾಪಲ್ಲಿ ಎಷ್ಟು ಮಕ್ಕಳು, ಎಷ್ಟು ಗಂಟೆ ಬಸ್ಸು ಅಂತ ಬರೆದು ಹೆಡ್ ಮೇಷ್ಟ್ರ ಸಹಿ ಹಾಕಿಸ್ಕೊಂಡು, ಒಂದು ಕಾಪಿ ಎಂಎಲ್ಎ ಆಫೀಸಿಗೆ. ಸೀಲ್ ಹಾಕಿರೋ ಸ್ವೀಕೃತಿ ಮಾತ್ರ ಬಿಡ್ಬೇಡಿ. ಅದ್ರದ್ದೊಂದು ಫೋಟೋ ನಮಗೂ ಕಳ್ಸಿ.